ಕಾಡಂಚಿನ ಕಪ್ಪು ತುಪ್ಪ

ಅಪ್ಪ ತೀರಿಕೊಂಡಾಗ ಕಾಡಂಚಿನ ಜೇನುಪೆಟ್ಟಿಗೆಗಳು ಅಣ್ಣನ ಪಾಲಾದವು, ಹೊಲದ ಕಡೆಯವು ತಮ್ಮನಿಗೆ ಬಂದವು. ಅಂದಿನಿಂದ ತಮ್ಮನ ಹೊಟ್ಟೆಯೊಳಗೆ ಬೆಂಕಿ. ಅವನದು ಹೂವಿನ ಹಳದಿ ಜೇನುತುಪ್ಪ, ಎಲ್ಲರ ಬಳಿಯೂ ಇರುವಂಥದ್ದು. ಅಣ್ಣನದು ಕಪ್ಪು ತುಪ್ಪ. ಮರದ ರಸ ಹೀರುವ ಪುಟ್ಟ ಕೀಟಗಳು ಎಲೆಯ ಮೇಲೆ ಬಿಟ್ಟ ಸಿಹಿ ಅಂಟನ್ನು ನೆಕ್ಕಿ ಜೇನುಹುಳುಗಳು ಮಾಡುವಂಥದ್ದು. ಸಂತೆಯಲ್ಲಿ ಜನ ಅಣ್ಣನ ಮೇಜಿಗೆ ಮುಗಿಬೀಳುತ್ತಿದ್ದರು, ಪಕ್ಕದಲ್ಲೇ ತಮ್ಮ ನೊಣ ಹೊಡೆಯುತ್ತ ಕೂರುತ್ತಿದ್ದ. ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಹೆಂಡತಿ ಹೋದ ಮೇಲಂತೂ ತಮ್ಮನಿಗೆ ಹುಳುಗಳೇ ದಿಕ್ಕು. ಸಂಜೆ ಪೆಟ್ಟಿಗೆಗೆ ಕಿವಿ ಹಚ್ಚಿ ಕೂತರೆ, ಒಳಗಿನ ಗುಂಯ್ ಸದ್ದಿಗೆ ಮನೆಯಲ್ಲಿ ಯಾರೋ ಇದ್ದಾರೆ ಅನ್ನಿಸುತ್ತಿತ್ತು.

ಒಂದು ಸಲವಾದರೂ ಅಣ್ಣನ ಮೇಜು ಖಾಲಿ ಇರಬೇಕು, ಅಷ್ಟೇ ಅವನ ಆಸೆ. ಕದ್ದು ಮಾರುವಷ್ಟು ದಡ್ಡ ಅವನಲ್ಲ. ಆ ರುಚಿಯನ್ನು ನಾಲಿಗೆಯಿದ್ದವರೆಲ್ಲ ಗುರುತು ಹಿಡಿಯುತ್ತಾರೆ. ಅವನ ಉಪಾಯ ಬೇರೆ: ತನ್ನ ಹಳದಿ ತುಪ್ಪವನ್ನೆಲ್ಲ ಮಾರಿಬಿಡುವುದು, ಅಣ್ಣನ ತುಪ್ಪ ತುಂಬಿದ ಎರಿಯ ಚೌಕಟ್ಟುಗಳನ್ನು ತಂದು ತನ್ನ ಪೆಟ್ಟಿಗೆಗಳಲ್ಲಿ ಇಳಿಬಿಡುವುದು. ಚಳಿಗಾಲವಿಡೀ ಹುಳುಗಳು ಹೊರಗೆ ಬರದೆ ಒಳಗೇ ಕೂತು ತಿನ್ನುತ್ತವೆ. ಹೂ ಬಿಡುವ ಹೊತ್ತಿಗೆ ಸಾಕ್ಷಿ ಅವುಗಳ ಹೊಟ್ಟೆ ಸೇರಿರುತ್ತದೆ.

ಚಳಿ ಹಿಡಿಯುವ ಮುಂಚೆ ಅಣ್ಣ ಕಪ್ಪು ತುಪ್ಪದ ಚೌಕಟ್ಟುಗಳನ್ನೆಲ್ಲ ಕಿತ್ತು ಶೆಡ್ಡಿನಲ್ಲಿ ಜೋಡಿಸಿ, ಹುಳುಗಳಿಗೆ ಬರೀ ಸಕ್ಕರೆ ಪಾಕ ಇಡುತ್ತಿದ್ದ. ಎಂಥ ಜಿಪುಣ, ಎಂದು ತಮ್ಮ ಹಲ್ಲು ಕಡಿದ. ತುಪ್ಪ ತೆಗೆಯುವ ಯಂತ್ರ ತರಲು ಅಣ್ಣ ಹೋದ ದಿನ ಶೆಡ್ಡಿಗೆ ನುಗ್ಗಿದ. ಕೀಲಿ ಅಪ್ಪ ಇಡುತ್ತಿದ್ದ ಜಾಗದಲ್ಲೇ ಇತ್ತು. ಅದನ್ನು ಮುಟ್ಟಿದಾಗ ಅಪ್ಪ ನೆನಪಾದ, ಆದರೂ ಬೀಗ ತೆಗೆದ. ಚೌಕಟ್ಟುಗಳ ಮೇಲಿದ್ದ ಅಣ್ಣನ ಗುರುತನ್ನು ಕೆರೆದು ತೆಗೆದು, ಅವನ್ನು ತನ್ನ ಪೆಟ್ಟಿಗೆಗಳಲ್ಲಿ ಇಳಿಬಿಟ್ಟ.

"ನಿಮಗೆ ಪಾಕ ಗೀಕ ಇಲ್ಲ," ಎಂದ ಹುಳುಗಳಿಗೆ. "ಅಸಲಿ ಮಾಲು. ಹೊಟ್ಟೆ ತುಂಬ ತಿನ್ನಿ."

ಸಂತೆಯಲ್ಲಿ ಅಣ್ಣನ ಮೇಜು ಖಾಲಿಯಾಗಿತ್ತು. ಕಾಡಿನ ದಾರಿಯಲ್ಲಿ ಓಡಾಡುವ ಲಾರಿಯವರೇ ಕದ್ದರೆಂದು ಅಣ್ಣನ ಅನುಮಾನ. ವರ್ಷಗಳ ಮೇಲೆ ಅವನೇ ಮೊದಲು ಮಾತಾಡಿದ.

"ನಿನ್ನ ಪೆಟ್ಟಿಗೆಗಳಾದ್ರೂ ಹುಷಾರೇನೋ? ಬೀಗ ಹಾಕ್ಕೋ."

ತಮ್ಮ ಮುಖ ತಿರುಗಿಸಿದ. ಗೆದ್ದಿದ್ದ, ಆದರೆ ಹೇಳಿಕೊಳ್ಳಲು ಒಂದು ನರಪಿಳ್ಳೆಯೂ ಇರಲಿಲ್ಲ.

ಚಳಿ ಇಳಿದ ಮೇಲೆ ಕಿವಿ ಹಚ್ಚಿದರೆ ಯಾವ ಪೆಟ್ಟಿಗೆಯಲ್ಲೂ ಸದ್ದಿಲ್ಲ. ಮುಚ್ಚಳ ತೆಗೆದರೆ ಸತ್ತ ಹುಳುಗಳ ರಾಶಿ. ಅವನು ಅಲ್ಲೇ ಕೂತು ಅತ್ತ.

ಸುದ್ದಿ ಕೇಳಿ ಅಣ್ಣ ಬಂದ, ಕೈಗಾಡಿಯಲ್ಲಿ ಹುಳು ತುಂಬಿದ ಪೆಟ್ಟಿಗೆಯೊಂದನ್ನು ಇಟ್ಟುಕೊಂಡು. "ಹೋಗ್ಲಿ ಬಿಡೋ, ಇದರಿಂದ ಮತ್ತೆ ಶುರು ಮಾಡು," ಎಂದವನು ಸತ್ತ ಪೆಟ್ಟಿಗೆಯೊಂದರ ಮುಂದೆ ಬಗ್ಗಿದ. ಹುಳುಗಳು ಬಂದುಹೋಗುವ ಕಂಡಿಯ ಸುತ್ತ ಕಂದು ಕಲೆಗಳಿದ್ದವು. ಮೂಸಿ ನೋಡಿದ. "ಭೇದಿ ಕಣೋ ಇದು. ಚಳೀಲಿ ಒಳಗೇ ಕೂತು ಕಪ್ಪು ತುಪ್ಪ ತಿಂದ್ರೆ ಹುಳಕ್ಕೆ ಹೊಟ್ಟೆ ಕೆಡುತ್ತೆ, ಒಂದೂ ಉಳಿಯಲ್ಲ. ಅದಕ್ಕೇ ನಾನು ಅದನ್ನ ಕಿತ್ತು ಪಾಕ ಇಡೋದು. ಈ ಹೊಲದಲ್ಲಿ ನಿನ್ನ ಹುಳಕ್ಕೆ ಕಪ್ಪು ತುಪ್ಪ ಎಲ್ಲಿಂದ ಬಂತೋ?" ತಂದಿದ್ದ ಪೆಟ್ಟಿಗೆಯನ್ನು ಇಳಿಸದೆ ಗಾಡಿ ತಿರುಗಿಸಿದ. ಅದರೊಳಗಿನ ಗುಂಯ್ ಸದ್ದು ದಾರಿಯುದ್ದಕ್ಕೂ ದೂರವಾಗುತ್ತ ಹೋಯಿತು.