ಎರಡು ಗಂಟಿನ ಕೋಟು

ಬೇರೆಯವರ ಪೆಟ್ಟಿಗೆಯ ವಾಸನೆ ಹೇಗಿರುತ್ತದೆಂದು ದೊಡ್ಡ ಸೊಸೆಗೆ ಐದನೆಯ ವಯಸ್ಸಿಗೇ ಗೊತ್ತಿತ್ತು. ನುಸಿಗುಳಿಗೆ, ಒಣಗಿದ ಸೋಪಿನ ಚೂರು, ಅದರಡಿಯಲ್ಲಿ ಎಷ್ಟು ಒಗೆದರೂ ಹೋಗದ ಇನ್ನೊಬ್ಬರ ಮೈಯ ವಾಸನೆ... ಅಕ್ಕನಿಗೆ ಗಿಡ್ಡವಾದ ಫ್ರಾಕು ಒಂದು ವರ್ಷ ಪೆಟ್ಟಿಗೆಯಲ್ಲಿ ಮಲಗಿ, ಆಮೇಲೆ ಇವಳ ಮೈಮೇಲೆ ಏಳುತ್ತಿತ್ತು. ತಲೆ ತೂರಿಸುವಾಗ ಆ ವಾಸನೆ ಮೂಗಿಗೆ ಬಡಿದು, ನೀನು ಎರಡನೆಯವಳು ಎಂದು ಹೇಳಿದ ಹಾಗೆ ಆಗುತ್ತಿತ್ತು.

ಅವಳು ಮದುವೆಯಾಗಿ ಬಂದದ್ದೂ ಹಳೆಯ ಬಟ್ಟೆಯ ಅಂಗಡಿಗೇ. "ಇವಳ ಹಣೇಬರಹ ಬರೆದವನೂ ಯಾರದೋ ಹಳೇ ಪೆನ್ನು ತಗೊಂಡು ಬರೆದಿರ್ಬೇಕು" ಎಂದು ಸೋದರಮಾವ ನಗೆಯಾಡಿದ್ದ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಆದರೆ ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ಉಳಿದಿತ್ತು.

ಅಂಗಡಿ ಇದ್ದದ್ದು ಲಾಂಚು ನಿಲ್ಲುವ ಧಕ್ಕೆಗೆ ಇಳಿಯುವ ಬೀದಿಯಲ್ಲಿ. ಸಮುದ್ರದ ಉಪ್ಪುಗಾಳಿಗೆ ಹ್ಯಾಂಗರುಗಳೆಲ್ಲ ತುಕ್ಕು ಹಿಡಿಯುತ್ತವೆಂದು ಅತ್ತೆ ಒಂದೊಂದಕ್ಕೂ ಬಟ್ಟೆಯ ಪಟ್ಟಿ ಸುತ್ತಿಸಿದ್ದರು. ಊರಿನವರು ತಮಗೆ ಬೇಡವಾದ ಬಟ್ಟೆಬರೆ, ಗಡಿಯಾರ, ಕನ್ನಡಿ ತಂದು ಇಟ್ಟು ಹೋಗುವರು. ಮಾರಾಟವಾದರೆ ಅವರ ಪಾಲು ಅವರಿಗೆ. ಆ ಅಂಗಡಿಯಲ್ಲಿ 'ಹಳೇದು' ಎಂಬ ಮಾತು ಆಡುವ ಹಾಗಿರಲಿಲ್ಲ. "ಹಳೇದು ಅನ್ಬೇಡ, ಕೈ ದಾಟಿದ್ದು ಅನ್ನು. ಮನುಷ್ಯರೂ ಅಷ್ಟೇ ಅಲ್ವಾ?" ಎನ್ನುವರು ಅತ್ತೆ.

ಅವರದು ಇನ್ನೊಂದು ಪದ್ಧತಿ ಇತ್ತು. ಪ್ರತಿ ವಸ್ತುವಿಗೂ ದಾರದಲ್ಲಿ ಒಂದು ಚೀಟಿ ಕಟ್ಟುವರು. ದಾರಕ್ಕೆ ಒಂದು ಗಂಟು ಇದ್ದರೆ ಮಾರುವುದು. ಎರಡು ಗಂಟು ಇದ್ದರೆ ಮಾರುವ ಹಾಗಿಲ್ಲ. ತಂದವರು ತಾವೇ ಬಂದು ಎರಡನೆಯ ಗಂಟು ಬಿಚ್ಚಿದ ಮೇಲೆಯೇ ಅದು ಸರಕು. ಅಲ್ಲಿಯವರೆಗೆ ಅವರು ಬಂದಾಗ ಕಾಣುವ ಹಾಗೆ ಸುಮ್ಮನೆ ತೂಗಬೇಕು. ಯಾವುದಕ್ಕೆ ಎರಡು ಗಂಟು ಎಂದು ತಂದವರನ್ನು ಅತ್ತೆ ಕೇಳುತ್ತಲೇ ಇರಲಿಲ್ಲ. "ಇಟ್ಟು ಹೋಗೋರ ಬಾಯಿ ನೋಡ್ಬಾರ್ದು, ಕೈ ನೋಡ್ಬೇಕು" ಎನ್ನುವರು. ಲಾಂಚು ನಡೆಸುವವರು ತಮ್ಮ ತೀರಿಹೋದ ಹೆಂಡತಿಯ ಹಸಿರು ಉಣ್ಣೆಕೋಟು ತಂದಾಗ, "ಮನೇಲಿದ್ರೆ ಕಣ್ಣಿಗೆ ಬೀಳುತ್ತೆ, ಕೊಟ್ಬಿಡಿ ಯಾರಿಗಾದ್ರೂ" ಎಂದರೇ ಹೊರತು, ತೋಳನ್ನು ಹಿಡಿದ ಬೆರಳು ಸಡಿಲಿಸಲಿಲ್ಲ. ಅತ್ತೆ ಮಾತಿಲ್ಲದೆ ಎರಡು ಗಂಟು ಹಾಕಿದರು. ಅಂದಿನಿಂದ ಪ್ರತಿ ಮಂಗಳವಾರ, ಲಾಂಚಿಗೆ ರಜೆಯ ದಿನ, ಅವರು ಬಂದು ಗಡಿಯಾರದ ಬೆಲೆಯನ್ನೋ ಏನನ್ನೋ ವಿಚಾರಿಸುವವರ ಹಾಗೆ ಕೋಟಿನ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದರು. ಮನೆಯವರ ಬಾಯಲ್ಲಿ ಅವರ ಹೆಸರೇ 'ಮಂಗಳವಾರದವರು' ಎಂದಾಯಿತು.

ಇದನ್ನೆಲ್ಲ ದೊಡ್ಡ ಸೊಸೆ ನೋಡಿದ್ದು ಹಿಂದಿನ ಕೋಣೆಯ ಪರದೆಯ ಸಂದಿಯಿಂದ. ಹದಿನಾಲ್ಕು ವರ್ಷದಿಂದ ಅವಳ ಜಾಗ ಅದೇ. ಬಂದ ಬಟ್ಟೆಗಳ ಹರಕು ಹೊಲಿದು, ಗುಂಡಿ ಹಾಕಿ, ಕಲೆ ತೆಗೆದು, ಇಸ್ತ್ರಿ ಮಾಡಿ ಮುಂದಕ್ಕೆ ಕೊಡುವುದು. ಮುಂದೆ, ಗಾಜಿನ ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ಅತ್ತೆ. ಅವರಿಗೆ ಕಣ್ಣಿನ ಪೊರೆ ಬಂದಾಗ, ಇನ್ನು ಆ ಕುರ್ಚಿ ತನ್ನದೇ ಎಂದು ಅವಳು ಮನಸ್ಸಿನಲ್ಲೇ ಕೂತು ನೋಡಿದ್ದಳು.

ಅಷ್ಟರಲ್ಲಿ ಮೈದುನನ ಮದುವೆಯಾಯಿತು. ಚಿಕ್ಕ ಸೊಸೆ ಬಂದ ಎರಡನೇ ತಿಂಗಳಿಗೇ ಅತ್ತೆ ಅವಳನ್ನು ಕರೆದು, "ಬಾರಮ್ಮ, ನನ್ನ ಪಕ್ಕ ಕೂತ್ಕೊ. ಚೀಟಿ ಓದೋಕೆ ನಂಗೀಗ ಆಗಲ್ಲ" ಎಂದುಬಿಟ್ಟರು.

ಓದಲು ತನಗೂ ಬರುತ್ತಿತ್ತಲ್ಲ... ಪರದೆಯ ಹಿಂದೆ ಸೂಜಿಯ ಕಣ್ಣಿಗೆ ದಾರ ಏರಿಸುತ್ತಿದ್ದವಳಿಗೆ ದಾರವೂ ಕಾಣಲಿಲ್ಲ, ಸೂಜಿಯೂ ಕಾಣಲಿಲ್ಲ.

ಆ ಹುಡುಗಿಯ ಮೇಲೆ ತಪ್ಪು ಹೊರಿಸಲು ಏನಾದರೂ ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಸಿಗುತ್ತಿರಲಿಲ್ಲ. ಬಂದವರು ಮಳೆಯಲ್ಲಿ ನೆನೆದಿದ್ದರೆ ಒರೆಸಿಕೊಳ್ಳಲು ಟವೆಲ್ಲು ಕೊಡುವಳು. ಕೊಳ್ಳಲಾಗದೆ ಬರೀ ಮುಟ್ಟಿ ನೋಡುವವರ ಎದುರು ತಾನೇ ಬೇರೆ ಕಡೆ ತಿರುಗುವಳು. ಎರಡೇ ತಿಂಗಳಲ್ಲಿ ಗಿರಾಕಿಗಳು "ಆ ನಗುಮುಖದ ಸೊಸೆ ಇಲ್ವಾ?" ಎಂದು ಕೇಳತೊಡಗಿದರು. ನಗು ಅವಳದು, ಹೊಲಿಗೆ ಯಾರದು? ಅದನ್ನು ಒಬ್ಬರಾದರೂ ಕೇಳಿದರೇ? ಹೊಟ್ಟೆಕಿಚ್ಚಿಗೆ ಹೊಗೆ ಇರುವುದಿಲ್ಲ, ಅದಕ್ಕೇ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಅತ್ತೆ ಕಣ್ಣಿನ ಆಪರೇಷನ್ನಿಗೆಂದು ಮಗಳ ಊರಿಗೆ ಹೊರಟ ದಿನ, ಚಪ್ಪಲಿ ಮೆಟ್ಟುತ್ತ ದೊಡ್ಡ ಸೊಸೆಗೆ ಹೇಳಿದರು: "ಎರಡು ಗಂಟಿನ ವಿಷಯ ಅವಳಿಗೆ ಗೊತ್ತಿಲ್ಲ ಕಣಮ್ಮ. ಅಂಥವನ್ನ ಇಷ್ಟು ದಿನ ನಾನೇ ನೋಡ್ಕೋತಿದ್ದೆ. ನೀನು ಹೇಳ್ಕೊಡು."

"ಹೇಳ್ತೀನಿ ಅತ್ತೆ."

ಹೇಳಬೇಕೆಂದೇ ಇದ್ದಳು. ಮೊದಲನೇ ದಿನ ಕೆಲಸವಿತ್ತು. ಎರಡನೇ ದಿನ ಚಿಕ್ಕವಳು ಬೆತ್ತದ ಕುರ್ಚಿಯಲ್ಲಿ ಕೂತಿದ್ದಳು, ಒಂಟಿಯಾಗಿ, ಹುಟ್ಟಿನಿಂದ ಅಲ್ಲೇ ಕೂತವಳ ಹಾಗೆ. ಅದನ್ನು ನೋಡಿದ ಮೇಲೆ ದೊಡ್ಡವಳ ನಾಲಿಗೆ ಏಳಲಿಲ್ಲ. ಎಲ್ಲ ಬಲ್ಲವಳಲ್ಲವೇ, ಇದನ್ನೂ ತಾನೇ ತಿಳಿದುಕೊಳ್ಳಲಿ ಎನಿಸಿತು.

ಎಂಟನೇ ದಿನ ಮಧ್ಯಾಹ್ನ ಆಚೆ ದಡದ ಆಸ್ಪತ್ರೆಯ ನರ್ಸೊಬ್ಬರು ಬಂದರು. ರಾತ್ರಿಪಾಳಿ ಮುಗಿಸಿ ಬೆಳಗಿನ ಲಾಂಚಿನಲ್ಲಿ ಬರುವಾಗ ಗಾಳಿಗೆ ಮೂಳೆಯೆಲ್ಲ ಕೊರೆಯುತ್ತದೆ ಎಂದರು. ಹಸಿರು ಕೋಟನ್ನು ತೊಟ್ಟು ಕನ್ನಡಿಯ ಮುಂದೆ ನಿಂತರು.

"ನಿಮಗೇ ಅಳತೆ ತಗೊಂಡು ಹೊಲಿದ ಹಾಗಿದೆ" ಎಂದಳು ಚಿಕ್ಕವಳು, ಮನಸಾರೆ.

ದೊಡ್ಡವಳು ಪರದೆಯ ಹಿಂದೆ ನಿಂತಿದ್ದಳು. ಒಂದು ಹೆಜ್ಜೆ ಮುಂದಿಟ್ಟು 'ಅದು ಮಾರೋದಲ್ಲ' ಎಂದಿದ್ದರೆ ಸಾಕಿತ್ತು. ಕತ್ತರಿ ದಾರವನ್ನು ಕಚ್ಚಿದ ಸಣ್ಣ ಸದ್ದು ಕೇಳಿಸಿತು. ಎರಡೂ ಗಂಟು ಒಟ್ಟಿಗೇ ನೆಲಕ್ಕೆ ಬಿದ್ದವು. ಅವಳು ಬಾಯಿ ತೆರೆಯಲಿಲ್ಲ.

ಹತ್ತನೇ ದಿನ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಮರಳಿದರು. ಮನೆಗೂ ಹೋಗದೆ ನೇರ ಅಂಗಡಿಗೆ ಬಂದು, ಹ್ಯಾಂಗರುಗಳ ಮೇಲೆ ಕೈಯಾಡಿಸುತ್ತ ನಡೆದರು. ಕಿಟಕಿಯ ಪಕ್ಕಕ್ಕೆ ಬಂದಾಗ ಕೈ ನಿಂತಿತು.

"ಇಲ್ಲಿದ್ದ ಉಣ್ಣೆಕೋಟು?"

"ಹೋಯ್ತು ಅತ್ತೆ. ಒಳ್ಳೇ ಕಡೆಗೇ ಹೋಯ್ತು" ಎಂದಳು ಚಿಕ್ಕವಳು ಉತ್ಸಾಹದಿಂದ.

ಅತ್ತೆ ಖಾಲಿ ಹ್ಯಾಂಗರನ್ನು ಹಿಡಿದುಕೊಂಡೇ ನಿಂತರು.

"ಎರಡು ಗಂಟಿತ್ತಲ್ಲಮ್ಮ ಅದಕ್ಕೆ... ಮಂಗಳವಾರ ಬರ್ತಾರೆ ಅವರು. ಏನಂತ ಹೇಳ್ಲಿ? ನಿಮ್ಮ ಹೆಂಡತಿ ಕೋಟು ನಾನು ಮಾರ್ಕೊಂಡೆ ಅನ್ಲಾ?" ಕಪ್ಪು ಕನ್ನಡಕ ಚಿಕ್ಕವಳ ಕಡೆಗೆ ತಿರುಗಿತು. "ಗಂಟಿನ ವಿಷಯ ನಿಮ್ಮಕ್ಕ ಹೇಳ್ಲಿಲ್ವಾ ನಿಂಗೆ?"

ದೊಡ್ಡವಳು ಪರದೆಯನ್ನು ಸ್ವಲ್ಪ ಸರಿಸಿ ನೋಡುತ್ತಿದ್ದಳು.

ಚಿಕ್ಕವಳು ಒಮ್ಮೆ ಪರದೆಯ ಕಡೆ ನೋಡಿದಳು. ಆಮೇಲೆ ತಲೆ ತಗ್ಗಿಸಿ, "ಹೇಳಿದ್ರು ಅತ್ತೆ. ನಾನೇ ಮರೆತುಬಿಟ್ಟೆ" ಎಂದಳು.

"ಮರೆತೆಯಾ... ಹೆಸರು ಮರಿ, ಲೆಕ್ಕ ಮರಿ, ನಾನೇನೂ ಅನ್ನಲ್ಲ. ಇದನ್ನ ಮರೆಯೋರು ಇಲ್ಲಿ ಕೂರಬಾರದು. ನಾಳೆಯಿಂದ ಮನೆ ನೋಡ್ಕೊ. ದೊಡ್ಡವಳು ಬಂದು ಕೂರ್ತಾಳೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಎತ್ತು ಮಾತ್ರ ಪರದೆಯ ಹಿಂದೆ ಬಾಯಿಮುಚ್ಚಿ ನಿಂತಿತ್ತು.

ಮರುದಿನ ಬೆಳಿಗ್ಗೆ ದೊಡ್ಡವಳು ಬೆತ್ತದ ಕುರ್ಚಿಯಲ್ಲಿ ಕೂತಳು. ಬೀದಿ, ಧಕ್ಕೆ, ಅದರಾಚೆ ಬೆಳ್ಳಗೆ ಮಿನುಗುವ ನೀರು, ಎಲ್ಲ ಅಲ್ಲಿಂದ ಕಾಣುತ್ತಿತ್ತು. ಹದಿನಾಲ್ಕು ವರ್ಷ ಬಯಸಿದ ಜಾಗ. ಆದರೆ ಬೆತ್ತ ಚಿಕ್ಕವಳ ಮೈಗೆ ಒಗ್ಗಿ ಒಂದು ಕಡೆಗೆ ತಗ್ಗಿತ್ತೋ ಏನೋ, ಎಷ್ಟು ಸರಿದು ಕೂತರೂ ಹಿತವಾಗಲಿಲ್ಲ. ಅಕ್ಕನ ಫ್ರಾಕಿನೊಳಗೆ ತಲೆ ತೂರಿಸಿದ ಹಾಗೆಯೇ ಇತ್ತು.

ಸಂಜೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಚಿಕ್ಕವಳ ಬಳಿಗೆ ಹೋದಳು.

"ಯಾಕೆ ಸುಳ್ಳು ಹೇಳ್ದೆ?"

ಚಿಕ್ಕವಳು ನಲ್ಲಿ ನಿಲ್ಲಿಸಲಿಲ್ಲ. "ಅವತ್ತು ಕೋಟು ಮಾರೋವಾಗ ನೀವಲ್ಲೇ ಇದ್ರಿ ಅಕ್ಕ. ಪರದೆ ಕೆಳಗೆ ನಿಮ್ಮ ಕಾಲು ಕಾಣ್ತಿತ್ತು."

"ಮತ್ತೆ? ಹೇಳ್ಬೇಕಿತ್ತು ಅತ್ತೆಗೆ."

"ಹೇಳೋಣ ಅಂತಲೇ ಬಾಯಿ ತೆಗೆದೆ. ಪರದೆ ಕಡೆ ನೋಡಿದ್ರೆ ನಿಮ್ಮ ಮುಖ... ಬಾಗಿಲ ಆಚೆ ನಿಂತ ಮಗು ಥರ ಇತ್ತು. ಆಗಲಿಲ್ಲ." ತೊಳೆದ ಪಾತ್ರೆಯನ್ನು ಕವುಚಿಟ್ಟು, "ದೊಡ್ಡತನ ಅಂತ ತಿಳ್ಕೋಬೇಡಿ. ನಂಗೂ ಸಿಟ್ಟಿದೆ. ತುಂಬಾ ಇದೆ" ಎಂದಳು.

ದೊಡ್ಡವಳಿಗೆ ಅವಮಾನಕ್ಕಿಂತ ಮೊದಲು ಬಂದದ್ದು ಮತ್ತೆ ಅದೇ ಉರಿ. ಕುರ್ಚಿಯಲ್ಲಿ ಅವಳೇ ಮುಂದೆ, ನಗುವಿನಲ್ಲಿ ಅವಳೇ ಮುಂದೆ, ಕೊನೆಗೆ ಒಳ್ಳೆಯತನದಲ್ಲೂ ಅವಳೇ ಮುಂದೆ... ತನಗೆ ಉಳಿದದ್ದೇನು? ಅವಳು ಬಿಟ್ಟುಕೊಟ್ಟ ಕುರ್ಚಿ. ಅದೂ ಕೈ ದಾಟಿದ್ದೇ.

ಮಂಗಳವಾರ ಬಂತು. ಅತ್ತೆ ಒಳಗೆ ಸ್ಟೂಲಿನ ಮೇಲೆ ಕೂತು ಗುಂಡಿಗಳನ್ನು ಬೇರ್ಪಡಿಸುತ್ತಿದ್ದರು. ಗಾಜಿನ ಬಾಗಿಲು ತಳ್ಳಿಕೊಂಡು ಲಾಂಚಿನವರು ಬಂದರು. ಯಾವತ್ತಿನ ಹಾಗೆ ಗಡಿಯಾರದ ವಿಷಯ ಕೇಳಲಿಲ್ಲ. ಸೀದಾ ಕಿಟಕಿಯ ಬಳಿಗೆ ಹೋಗಿ, ಖಾಲಿ ಹ್ಯಾಂಗರ್ ನೋಡಿ, ತಲೆಯಾಡಿಸಿದರು.

"ಹಾಗಾದ್ರೆ ಅದೇ" ಎಂದರು. "ಮೊನ್ನೆ ಬೆಳಿಗ್ಗೆ ನನ್ನ ಲಾಂಚಿಗೇ ಹತ್ತಿತು. ಹಿಂದಿನಿಂದ ನೋಡ್ದೆ. ಟಿಕೆಟ್ ಹರಿಯೋಕೆ ಕೈಯೇ ಬರ್ಲಿಲ್ಲ ನಂಗೆ."

ಅತ್ತೆ ಎದ್ದು ಬಂದರು. "ತಪ್ಪಾಯ್ತು ಅಣ್ಣ. ನಮ್ಮ ಚಿಕ್ಕ ಸೊಸೆಗೆ ಮರೆತು..."

"ಅವಳಿಗೆ ಮರೆತಿಲ್ಲ ಅತ್ತೆ." ದೊಡ್ಡವಳ ಧ್ವನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. ಅವಳು ಕುರ್ಚಿಯಿಂದ ಎದ್ದು ನಿಂತಿದ್ದಳು. "ಅವಳಿಗೆ ನಾನು ಹೇಳೇ ಇಲ್ಲ. ಬೇಕಂತಲೇ ಹೇಳ್ಲಿಲ್ಲ. ಅವಳು ದಾರ ಕತ್ತರಿಸುವಾಗ ಪರದೆ ಹಿಂದೆ ನಿಂತು ನೋಡ್ದೆ. ತಪ್ಪು ಮಾಡ್ಲಿ ಅಂತ ನೋಡ್ದೆ."

ಧಕ್ಕೆಯಲ್ಲಿ ಯಾರೋ ಯಾರನ್ನೋ ಕೂಗಿ ಕರೆಯುತ್ತಿದ್ದರು.

"ನಾನು ಆಚೆ ದಡಕ್ಕೆ ಹೋಗ್ತೀನಿ" ಎಂದಳು ಲಾಂಚಿನವರ ಕಡೆ ತಿರುಗಿ. "ಆ ನರ್ಸಮ್ಮನ ಕಾಲಿಗೆ ಬಿದ್ದಾದ್ರೂ ವಾಪಸ್ ತರ್ತೀನಿ."

"ಬೇಡಮ್ಮ." ಅವರು ಖಾಲಿ ಹ್ಯಾಂಗರನ್ನು ಸುಮ್ಮನೆ ನೇರಗೊಳಿಸಿದರು. "ಚಳಿಗೆ ತೊಟ್ಟೋರ ಮೈಯಿಂದ ಬಿಚ್ಚಿಸಿಕೊಳ್ಳೋಕಾಗುತ್ತಾ? ನನ್ನವಳೂ ಅದನ್ನ ಒಪ್ತಿರಲಿಲ್ಲ." ಬಾಗಿಲ ತನಕ ಹೋಗಿ ನಿಂತರು. "ಆದ್ರೆ ಆ ಗಂಟು ನಾನು ಬಿಚ್ಚಬೇಕಿತ್ತಮ್ಮ. ಇವತ್ತು ಬಿಚ್ತೀನಿ, ಇವತ್ತು ಬಿಚ್ತೀನಿ ಅಂತ ಪ್ರತಿ ಸಲ ಬರ್ತಿದ್ದೆ. ಅದೊಂದು ಕೆಲಸ ಇತ್ತು ನಂಗೆ."

ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಅವರು ಬೈದು ಹೋಗಿದ್ದರೆ ಚೆನ್ನಾಗಿತ್ತು... ಮುಂದಿನ ಮಂಗಳವಾರ ಅವರು ಬರುವುದಿಲ್ಲವೆಂದು ಅವಳಿಗೆ ಗೊತ್ತಾಯಿತು.

ಅತ್ತೆ ದೊಡ್ಡವಳ ಕಡೆ ತಿರುಗಿದರು. ಕನ್ನಡಕದೊಳಗಿನ ಕಣ್ಣು ಕಾಣುತ್ತಿರಲಿಲ್ಲ.

"ನನ್ನ ಕೈಯಾರೆ ಆ ಮಗೂನ ಮನೆಗೆ ಕಳಿಸೋ ಹಾಗೆ ಮಾಡಿದ್ಯಲ್ಲೇ" ಎಂದರು. ಧ್ವನಿ ಏರಲಿಲ್ಲ. "ಏನು ಕೊರತೆಯಾಗಿತ್ತು ನಿಂಗೆ?"

"ಹದಿನಾಲ್ಕು ವರ್ಷ ಅತ್ತೆ... ಒಂದು ದಿನ ಮುಂದೆ ಬಾ ಅನ್ಲಿಲ್ಲ ನೀವು."

ಅತ್ತೆ ತಬ್ಬಿಬ್ಬಾದರು. ಆ ಮಾತನ್ನು ಅವರು ನಿಜಕ್ಕೂ ಎಂದೂ ಯೋಚಿಸಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. "ನೀನು ಹೊಲಿದ್ರೆ ಎಲ್ಲಿ ಹರಿದಿತ್ತು ಅಂತ ನಂಗೇ ಗೊತ್ತಾಗ್ತಿರಲಿಲ್ಲ ಕಣೇ" ಎಂದರು ತೊದಲುತ್ತ. "ಕುರ್ಚೀಲಿ ಯಾರು ಬೇಕಾದ್ರೂ ಕೂರ್ತಾರೆ ಅಂದ್ಕೊಂಡಿದ್ದೆ. ಆ ಕೆಲಸ ಬೇರೆ ಯಾರಿಗೆ ಬರುತ್ತೆ? ಬಾಯಿಬಿಟ್ಟು ಹೇಳ್ಬೇಕು ಅಂತ ಹೊಳೀಲಿಲ್ಲ ನಂಗೆ." ಮರುಕ್ಷಣವೇ ಮುಖ ಗಟ್ಟಿ ಮಾಡಿಕೊಂಡರು. "ಅದಕ್ಕಂತ ನೀನು ಮಾಡಿದ್ದು ಸರಿಯಾಗಲ್ಲ. ಹೋಗು, ಅವಳನ್ನ ಕರ್ಕೊಂಡು ಬಾ."

ಅವಳೇ ಹೋಗಿ ಕರೆದಳು. "ಅತ್ತೆಗೆ ಎಲ್ಲ ಹೇಳ್ದೆ. ಬಾ, ನಿನ್ನ ಜಾಗಕ್ಕೆ" ಎಂದಳು. ಚಿಕ್ಕವಳು ಕೈ ಒರೆಸಿಕೊಂಡು, ಅವಳ ಮುಖವನ್ನು ನೋಡದೆ ಹೊರಟಳು. ಬೀದಿಯುದ್ದಕ್ಕೂ ಇಬ್ಬರ ನಡುವೆ ನಾಲ್ಕು ಹೆಜ್ಜೆ ದೂರವಿತ್ತು.

ದೊಡ್ಡವಳು ಹಿಂದಿನ ಕೋಣೆಗೆ ಹೋಗಿ, ಯಾರದೋ ಶರಟಿನ ಹರಿದ ಕಾಲರನ್ನು ಎತ್ತಿಕೊಂಡಳು. ಉರಿ ಆರಿತ್ತೆಂದು ಹೇಳಿದರೆ ಸುಳ್ಳಾದೀತು. ಮುಂದಿನಿಂದ ಚಿಕ್ಕವಳ ಧ್ವನಿ ಕೇಳಿದಾಗಲೆಲ್ಲ ಒಳಗೊಂದು ಕೆಂಡ ಇನ್ನೂ ಕಣ್ಣು ಬಿಡುತ್ತಿತ್ತು. ಆದರೆ ಈಗ ಅದರ ಹೆಸರು ಅವಳಿಗೆ ಗೊತ್ತಿತ್ತು; ಬೇರೆಯವರಿಗೂ ಗೊತ್ತಿತ್ತು. ಅವಳು ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು. ಮಧ್ಯಾಹ್ನವಾಯಿತು. ಹಸಿವಾದರೂ ಏಳುವ ಧೈರ್ಯವಾಗಲಿಲ್ಲ. ಯಾವ ಮುಖ ಹೊತ್ತು ಅವರ ಜೊತೆ ಕೂತು ಉಣ್ಣುವುದು?

ಪರದೆ ಸರಿಯಿತು. ಚಿಕ್ಕವಳು ನಿಂತಿದ್ದಳು, ಕಣ್ಣು ಇನ್ನೂ ಕೆಂಪಾಗಿಯೇ ಇತ್ತು. ಅವಳು ನಗಲಿಲ್ಲ. ಮೇಜಿನ ಮೇಲಿದ್ದ ಕತ್ತರಿ, ದಾರದ ಉಂಡೆಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿದಳು. ದೊಡ್ಡವಳ ಬೆರಳ ಸಂದಿಯಿಂದ ಸೂಜಿಯನ್ನು ತೆಗೆದು ಬಟ್ಟೆಗೆ ಚುಚ್ಚಿಟ್ಟಳು. ಆಮೇಲೆ ಹಬೆಯಾಡುವ ಅನ್ನದ ತಟ್ಟೆಯನ್ನು ಅವಳ ಎರಡೂ ಕೈಗೆ ಕೊಟ್ಟಳು.