ಖಾಲಿ ಗೂಡಿನ ಬಾಟಲಿಗಳು

ನಮ್ಮ ಪ್ರಯೋಗಾಲಯದಲ್ಲಿ ಇಲಿ ಅಗ್ಗ, ಅದು ನೀರು ಕುಡಿಯುವ ಗಾಜಿನ ಬಾಟಲಿ ದುಬಾರಿ. ಒಂದು ಸಾಲಿನ ಇಲಿಗಳಿಗೆ ಶುದ್ಧ ನೀರು, ಇನ್ನೊಂದು ಸಾಲಿಗೆ ಊರಿನ ನಲ್ಲಿಯಲ್ಲಿ ಸಿಕ್ಕ ರಾಸಾಯನಿಕ ಬೆರೆಸಿದ ನೀರು. ಕ್ಯಾನ್ಸರ್ ಬರುತ್ತದೆಯೇ ಎಂಬ ಪರೀಕ್ಷೆ ಅದು. ದಿನಾ ಬಾಟಲಿ ತೂಗಿ, ಎಷ್ಟು ಕುಡಿದವೆಂದು ನೋಡುವುದು ನನ್ನ ಕೆಲಸ.

ಬೆರಕೆ ನೀರಿನ ಇಲಿಗಳ ಹೊಟ್ಟೆಯಡಿ ಗಂಟು ಕೈಗೆ ಸಿಗತೊಡಗಿದ ವಾರವೇ, ಪ್ರಯೋಗ ನಿಲ್ಲಿಸಿ ಇಲಿಗಳನ್ನು ಮುಗಿಸಿಬಿಡಿ ಎಂದು ಮೇಲಿನಿಂದ ಆದೇಶ ಬಂತು.

"ಗಂಟು ಕೊಯ್ದು ನೋಡೋದಿಲ್ವಾ ಸಾರ್?" ಎಂದೆ.

"ನೋಡಿದ್ರೆ ಬರೀಬೇಕಾಗುತ್ತಲ್ಲಮ್ಮಾ," ಎಂದರು ಸಾಹೇಬರು, ಮನೆಯಿಂದ ತಂದ ನೀರು ಗುಟುಕರಿಸುತ್ತಾ.

"ನಮ್ಮಕ್ಕ ಅದೇ ನಲ್ಲಿ ನೀರು ಕುಡೀತಾಳೆ ಸಾರ್."

"ಕಾಯಿಸಿ ಕುಡಿ ಅನ್ನು."

ಅಂದು ಸಂಜೆಯೇ ಇಲಿಗಳನ್ನೆಲ್ಲ ಮುಗಿಸಿ ಗೂಡು ಖಾಲಿ ಮಾಡಿದೆವು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದಾಗ ಖಾಲಿ ಗೂಡುಗಳಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತಿತ್ತು. ಇಲಿ ನೆಕ್ಕುವಾಗ ಬಾಟಲಿಯ ನಳಿಕೆಯೊಳಗಿನ ಗುಂಡು ಮಾಡುವ ಸದ್ದು ಅದು. ತೆಗೆಯದೆ ಬಿಟ್ಟಿದ್ದ ಬಾಟಲಿಗಳನ್ನು ರೂಢಿಯಂತೆ ತೂಗಿದೆ. ಶುದ್ಧ ನೀರು ಹಾಗೇ ಇತ್ತು, ಬೆರಕೆ ನೀರು ಇಳಿದಿತ್ತು. ಗೂಡಿನ ತಳ ಒಣಗಿತ್ತು, ನಳಿಕೆಗಳು ಬೆಚ್ಚಗಿದ್ದವು.

"ಸೋರಿರುತ್ತೆ ಬಿಡು," ಎಂದು ಸಾಹೇಬರು ಬಾಟಲಿಗಳನ್ನು ತೊಳೆಸಿದರು.

ನೀರಿನಲ್ಲಿ ದೋಷವಿಲ್ಲವೆಂದು ವರದಿ ಹೋಯಿತು. ಬಾಟಲಿಗಳು ಒಂದೂ ಒಡೆಯದೆ ಉಳಿದವು. ಹೊಟ್ಟೆಯಲ್ಲಿ ಗಂಟಾಗಿ ಅಕ್ಕ ಹೋದಳು.