ಮಖಮಲ್ಲಿನ ಮೇಲಿನ ಕೈ

ಅಮ್ಮ ತೀರಿಕೊಂಡ ಮೇಲೆ ನಾನೂ ಅಕ್ಕನೂ ನಮ್ಮ ಹೊಲಿಗೆ ಅಂಗಡಿಯ ಬಾಗಿಲು ಮತ್ತೆ ತೆಗೆದಾಗ ಮೊದಲು ಬಂದದ್ದು ಚರ್ಚಿನ ಕೆಲಸ. ಪಾದ್ರಿಗಳು ಪೂಜೆಗೆ ಹಾಕಿಕೊಳ್ಳುವ ಹಳೆಯ ನಿಲುವಂಗಿ, ಕಡುಗೆಂಪು ರೇಷ್ಮೆ ಮಖಮಲ್ಲಿನದು. ಒಳಗಿನ ಲೈನಿಂಗ್ ಹರಿದಿತ್ತು.

"ಯಾವುದೋ ಕಾಲದ ಮದುಮಗಳ ಉಡುಪಂತಮ್ಮ ಇದು. ಅವಳು ಸತ್ತ ಮೇಲೆ ಮನೆಯವರು ಚರ್ಚಿಗೆ ಕೊಟ್ರಂತೆ. ಅದನ್ನೇ ಕತ್ತರಿಸಿ ಹೊಲಿಸಿದ್ದಾರೆ," ಎಂದರು ಪಾದ್ರಿ.

ಮಧ್ಯಾಹ್ನ ಅದನ್ನು ಮೇಜಿನ ಮೇಲೆ ಹರಡಿದೆವು. ಎದೆಯ ಭಾಗದಲ್ಲಿ ಯಾರೋ ಅಂಗೈ ಊರಿದಂತೆ ಮಖಮಲ್ಲಿನ ಎಳೆಗಳು ಮಲಗಿದ್ದವು. ಅಕ್ಕ ಆವಿ ಹಿಡಿದು ಬ್ರಷ್ಷಿನಿಂದ ಎಬ್ಬಿಸಿದಳು. ನಾನು ಸೂಜಿಗೆ ದಾರ ಪೋಣಿಸಿ ತಿರುಗುವಷ್ಟರಲ್ಲಿ ಗುರುತು ಮತ್ತೆ ಅಲ್ಲೇ ಇತ್ತು. ಅಕ್ಕ ಅದರ ಮೇಲೆ ತನ್ನ ಕೈಯಿಟ್ಟಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

"ಬೆಚ್ಚಗಿದೆ ಕಣೇ."

"ಆವಿ ಹಿಡಿದ್ಯಲ್ಲ, ಅದಕ್ಕೆ. ಕೈ ತೆಗಿಯಕ್ಕ."

"ಇರು, ಅವಳು ಬಿಡ್ಲಿ."

ನಾನು ಅವಳ ಮೊಣಕೈ ಹಿಡಿದು ಎಳೆದೆ. ಕೈಯ ಜೊತೆಗೇ ಬಟ್ಟೆಯೂ ಎದ್ದು ಬಂತು, ಆಮೇಲೆ ಬಿಟ್ಟಿತು. ಅಮ್ಮ ಹೋದಾಗ ನನಗೆ ಅಳು ಬಂದಿರಲಿಲ್ಲ. ಬಟ್ಟೆ ಕೈಗೆ ಅಂಟಿ ಎದ್ದಾಗ ಹೆದರಿಕೆಯೂ ಆಗಲಿಲ್ಲ. ಲೈನಿಂಗ್ ಹೊಲಿದು ಮುಗಿಸಿ ಸಂಜೆಗೇ ಕೊಟ್ಟು ಬಂದೆ.

ಈಗಲೂ ಪಾದ್ರಿಗಳು ಅದನ್ನು ಹಾಕಿಕೊಳ್ಳುತ್ತಾರೆ. ಅವರಿಗೇನೂ ಆಗಿಲ್ಲ. ಅಕ್ಕ ಮಾತ್ರ ಅಂದಿನಿಂದ ಒಲೆಯ ಮೇಲೆ ಕುದಿಯುವ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಾಳೆ. "ಸುಡಲ್ವಾ ಅಕ್ಕಾ?" ಎಂದರೆ "ಏನು?" ಎನ್ನುತ್ತಾಳೆ. ಅಂಗೈ ತಿರುಗಿಸಿ ನೋಡುತ್ತೇನೆ. ಕೆಂಪಗೂ ಆಗಿರುವುದಿಲ್ಲ. ಮೊದಮೊದಲು ಹಿಡಿಬಟ್ಟೆ ಕೊಡುತ್ತಿದ್ದೆ. ಈಗ ಕೊಡುವುದಿಲ್ಲ.